ಮುಕ್ಕಾಲು ಮೇಸ್ತ್ರಿಯ ಅರವತ್ತೆರಡನೇ ಗಿಟಾರು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪಾಲಿಶ್ ಅಕ್ಕ ಗಿಟಾರಿನ ಬಾಯೊಳಗೆ ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿಯೊಂದನ್ನು ತೂರಿಸಿ, ಒಳಮೂಲೆಗಳಲ್ಲಿ ಸರೇಸಿನ ಅಂಟು ಎಲ್ಲಾದರೂ ಒಸರಿ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದಳು. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಕನ್ನಡಿ, ಹಲ್ಲಿನ ನಡುವೆ ಒದ್ದೆ ಬಟ್ಟೆಯ ಚೂರು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕರೆಂಟು ಹೋಗಿ, ಎರಡು ವಾರದಿಂದ ಕಬ್ಬಿಣ ಕೊಯ್ಯುತ್ತಿದ್ದ ಯಂತ್ರ ಆಗತಾನೇ ನಿಂತಿತ್ತು. ಆ ನಿಶ್ಶಬ್ದದಲ್ಲಿ ಕಿಟಕಿ ಪಕ್ಕದ ಕುರ್ಚಿಯಿಂದ ಅವಳ ಅಣ್ಣನ ಸಣ್ಣ ದನಿ ಸ್ಪಷ್ಟವಾಗಿ ಕೇಳಿಸಿತು.

"ಪುಟ್ಟೀ, ಕತ್ತರಿಯ ಎರಡೂ ಕಾಲು ತುದಿವರೆಗೂ ಕೆತ್ತಿದ್ಯಲ್ಲಾ? ಕನ್ನಡಿ ಹಾಗೇ ಅಲ್ಲಿಗೂ ತಿರುಗಿಸಿ ನೋಡ್ಕೋ."

ಅಕ್ಕನ ಬಲಗೈ ಇದ್ದಲ್ಲೇ ನಿಂತಿತು. ಕನ್ನಡಿಯಲ್ಲಿ ಎರಡು ಕಾಲೂ ಕಾಣುತ್ತಿದ್ದವು. ಅಂಟಿಸಿದ ದಿನ ಹೇಗಿದ್ದವೋ ಹಾಗೇ, ಚೌಕವಾಗಿ, ದಪ್ಪಗೆ, ಉಳಿ ಸೋಕದೆ ನಿಂತಿದ್ದವು. ಅವಳು ಬಾಯಲ್ಲಿದ್ದ ಬಟ್ಟೆ ತೆಗೆಯದೆಯೇ "ಹೂಂ" ಎಂದಳು.

ಅಣ್ಣನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಆಗ ಅವಳಿಗೆ ಐವತ್ತೊಂದು ವರ್ಷ.

ಈ ಸುಳ್ಳಿನ ಬುಡ ತಿಳಿಯಬೇಕಾದರೆ ಆ ಮನೆಯವರ ಎರಡು ಅಭ್ಯಾಸಗಳನ್ನು ತಿಳಿದಿರಬೇಕು. ಅವರ ಅಪ್ಪ ಮಂಚ, ಬಾಗಿಲು ಮಾಡುತ್ತಿದ್ದ ಬಡಗಿ. ಅಂಗುಲದ ಪಟ್ಟಿ ಹಿಡಿದು ಕಾಲು, ಅರೆ, ಮುಕ್ಕಾಲು ಎಂದೇ ಲೆಕ್ಕ ಹೇಳುತ್ತಿದ್ದವನು. ಮಗ ಗಿಟಾರಿಗೆ ಬಂದು, ಅಂಗುಲ ಬಿಟ್ಟು ಮಿಲಿಮೀಟರು ಹಿಡಿದ ಮೇಲೂ ನಾಲಿಗೆ ಮಾತ್ರ ಅಪ್ಪನದೇ ಉಳಿಯಿತು. ಅಳತೆಯ ಡಯಲಿನ ಮುಳ್ಳು 2.75ಕ್ಕೆ ನಿಂತರೆ ಅವನ ಬಾಯಲ್ಲಿ ಅದು 'ಎರಡೂಮುಕ್ಕಾಲು'. ಗಿಟಾರಿನ ಮುಂದಿನ ಹಲಗೆ, ಅಂದರೆ ದನಿ ಹುಟ್ಟುವ ಹಲಗೆ, ಅಷ್ಟೇ ದಪ್ಪ ಇರಬೇಕೆಂಬುದು ಅವನ ಹಟ. ಅದಕ್ಕೇ ಬೀದಿಯವರು ಅವನನ್ನು ಮುಕ್ಕಾಲು ಮೇಸ್ತ್ರಿ ಎಂದು ಕರೆಯುತ್ತಿದ್ದರು. "ಉಳಿದ ಕಾಲು ಎಲ್ಲಿ ಹೋಯ್ತು ಅಂತ ಮದುವೆಯಾದಾಗಿಂದ ಹುಡುಕ್ತಿದೀನಿ" ಎಂದು ಅತ್ತಿಗೆ, ಅಂದರೆ ಮೇಸ್ತ್ರಿಯ ಹೆಂಡತಿ, ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಎರಡನೆಯ ಅಭ್ಯಾಸ ಹೆಸರಿಡುವುದು. ಅವರಿಗೆ ಗಿಟಾರು ಒಂದು ಆಳು. ಮುಂದಿನ ಹಲಗೆ ಮುಖ, ಹಿಂದಿನದು ಬೆನ್ನು, ಬಾಗಿಸಿದ ಪಟ್ಟಿಗಳು ಪಕ್ಕೆ, ಮೇಲಿನ ಕೋಲು ಕತ್ತು, ದುಂಡನೆಯ ತೂತು ಬಾಯಿ. ಮುಖದ ಹಲಗೆ ತಂತಿಯ ಎಳೆತಕ್ಕೆ ಮಡಚಿಕೊಳ್ಳದಿರಲೆಂದು ಒಳಗಡೆ ಎರಡು ಪಟ್ಟಿಗಳನ್ನು ಕತ್ತರಿಯ ಹಾಗೆ ಅಡ್ಡ ಹಾಯಿಸಿ ಅಂಟಿಸುತ್ತಾರೆ. ಅದರ ಹೆಸರು ಕತ್ತರಿ. ಕತ್ತರಿಯ ಕೆಳಗಿನ ಎರಡು ತೋಳುಗಳು ಕಾಲು. "ಮನುಷ್ಯನಿಗೆ ಕಾಲು ಹೊರಗೆ, ಗಿಟಾರಿಗೆ ಒಳಗೆ. ಅದಕ್ಕೇ ಅದು ಓಡಿಹೋಗಲ್ಲ" ಎನ್ನುವುದು ಮೇಸ್ತ್ರಿಯ ಹಳೆಯ ತಮಾಷೆ.

ಹೀಗೆ ಆ ಮನೆಯಲ್ಲಿ 'ಎರಡೂ ಕಾಲು' ಎಂಬ ಮಾತಿಗೆ ಎರಡರ್ಥ. ಒಂದು, ಎರಡೂಕಾಲು ಮಿಲಿ. ಇನ್ನೊಂದು, ಕತ್ತರಿಯ ಕಾಲುಗಳೆರಡೂ. ಮೂವತ್ತನಾಲ್ಕು ವರ್ಷದಲ್ಲಿ ಅರವತ್ತೊಂದು ಗಿಟಾರು ಮಾಡಿದರೂ ಯಾರಿಗೂ ಇದು ಹೊಳೆದಿರಲಿಲ್ಲ. ಯಾಕೆಂದರೆ ಅಷ್ಟೂ ವರ್ಷ ಹೇಳುವವನೂ ಮಾಡುವವನೂ ಒಬ್ಬನೇ ಆಗಿದ್ದ.

ಮೂರು ವರ್ಷದ ಹಿಂದೆ ಮೇಸ್ತ್ರಿಯ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಅಲುಗಲು ಶುರುವಾಯಿತು. ಆಮೇಲೆ ಕೈ, ಆಮೇಲೆ ಇನ್ನೊಂದು ಕೈ. ನಡುಕದ ಕಾಯಿಲೆ ಎಂದರು ಡಾಕ್ಟರು. ಮಾತ್ರೆ ನುಂಗಿದ ನಲವತ್ತು ನಿಮಿಷಕ್ಕೆ ನಡುಕ ಇಳಿಯುತ್ತದೆ, ಎರಡು ಗಂಟೆಯಾದ ಮೇಲೆ ಮತ್ತೆ ಏರುತ್ತದೆ. ಉಳಿ ಹಿಡಿಯುವ ಕೆಲಸ ಮುಗಿಯಿತು. ಆಗ ತಂಗಿ ಕೆಲಸಕ್ಕೆ ನಿಂತಳು. ಅವಳು ಇಪ್ಪತ್ತೆಂಟು ವರ್ಷ ಕುರ್ಚಿ ಮೇಜುಗಳ ಅಂಗಡಿಯಲ್ಲಿ ಅರಗಿನ ಪಾಲಿಶ್ ಹೊಡೆದು, ಬೀದಿಗೆಲ್ಲ ಪಾಲಿಶ್ ಅಕ್ಕ ಆದವಳು. ಮದುವೆಯ ಮಾತು ಬಂದಾಗಲೆಲ್ಲ "ಇನ್ನೂ ಒಣಗಿಲ್ಲ, ಮುಟ್ಟಬೇಡಿ" ಎಂದು ನಗಿಸಿ ತಪ್ಪಿಸಿಕೊಂಡು, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ಉಳಿದವಳು. ಅವಳ ಕೈ ಮರವನ್ನು ಬಲ್ಲದು, ಆದರೆ ಗಿಟಾರನ್ನು ಅರಿಯದು. ಅಣ್ಣ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ, ಅವಳು ಮಾಡುತ್ತಿದ್ದಳು.

ಕೈ ಹೋದದ್ದಕ್ಕೆ ಮೇಸ್ತ್ರಿ ಅಷ್ಟೇನೂ ಕುಗ್ಗಲಿಲ್ಲ. ದನಿ ಹೋಗತೊಡಗಿದಾಗ ಕುಗ್ಗಿದ. ಅದೇ ಕಾಯಿಲೆಯ ಇನ್ನೊಂದು ಮುಖ ಅದು. ಗಂಟಲು ದಿನದಿನಕ್ಕೆ ಸಣ್ಣದಾಗುತ್ತದೆ, ಆದರೆ ಹೇಳುವವನಿಗೆ ತಾನು ಮೊದಲಿನಷ್ಟೇ ಗಟ್ಟಿಯಾಗಿ ಹೇಳುತ್ತಿದ್ದೇನೆ ಎಂದೇ ಅನಿಸುತ್ತಿರುತ್ತದೆ. ಕ್ಷೌರದ ಅಂಗಡಿಯಲ್ಲಿ ಒಮ್ಮೆ "ಸಾಕು" ಎಂದ. ಅಲ್ಲಿನವನಿಗೆ ಕೇಳಿಸದೆ ಅರ್ಧ ಮೀಸೆ ಹೋಯಿತು. ಮೇಸ್ತ್ರಿ ಉಳಿದರ್ಧವನ್ನೂ ತೆಗೆಸಿಕೊಂಡು ಬಂದ, ಮತ್ತೆ ಆ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ದಿನಸಿ ಅಂಗಡಿಯವನು ಮೂರು ಸಲ "ಏನು? ಏನು?" ಎಂದ. ಅಲ್ಲಿಗೆ ಹೋಗುವುದೂ ನಿಂತಿತು. ಒಂದೊಂದು 'ಏನು'ವಿಗೂ ಅವನ ಮಾತಿನ ಒಂದೊಂದು ಬಾಗಿಲು ಮುಚ್ಚುವುದನ್ನು ತಂಗಿ ನೋಡುತ್ತಿದ್ದಳು. ಕೊನೆಗೆ ಮಾತು ಉಳಿದದ್ದು ಹೆಂಡತಿಯೊಂದಿಗೆ, ಅದೂ ಊಟ ಮಾತ್ರೆಗಳ ಮಟ್ಟಿಗೆ, ಮತ್ತು ತಂಗಿಯೊಂದಿಗೆ, ಮರದ ಮಟ್ಟಿಗೆ. ಆಗ ಅವಳು ತನ್ನೊಳಗೇ ಒಂದು ನಿಯಮ ಮಾಡಿಕೊಂಡಳು: ಅಣ್ಣ ಏನು ಹೇಳಿದರೂ ತಾನು ಮಾತ್ರ ತಿರುಗಿ "ಏನು?" ಎನ್ನಬಾರದು.

ಆ ನಿಯಮವೇ ಅವಳಿಗೆ ಮುಳುವಾಯಿತು.

ಅದುವರೆಗೆ ರಿಪೇರಿಗಳನ್ನಷ್ಟೇ ಮಾಡಿದ್ದ ಅವಳಿಗೆ ಮೊದಲ ಪೂರ್ತಿ ಗಿಟಾರು ಈ ಅರವತ್ತೆರಡನೆಯದು, ಸಂಗೀತದ ಟೀಚರಿನದು. ಟೀಚರಿನ ತಾಯಿಯ ಹಳೆಯ ಪಿಯಾನೋಗೆ ಗೆದ್ದಲು ಹಿಡಿದು, ಹೊರಮೈಯೆಲ್ಲ ಹಿಟ್ಟಾಗಿತ್ತು. ಅದರ ಒಳಗಿದ್ದ ದನಿಯ ಹಲಗೆ ಮಾತ್ರ ಹೇಗೋ ಉಳಿದಿತ್ತು. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಟೀಚರು ಕೆಲಸದ ಮೇಜಿನ ಮೇಲಿಟ್ಟಳು. "ಅಮ್ಮ ಇದರ ಮುಂದೆ ನಲವತ್ತು ವರ್ಷ ಕೂತಿದ್ರು ಮೇಸ್ತ್ರೀ. ಇದರಿಂದ ಒಂದು ಗಿಟಾರಿನ ಮುಖ ಬರುತ್ತಾ?" ಮೇಸ್ತ್ರಿ ಗಂಟಿಲ್ಲದ ಜಾಗ ಹುಡುಕಿ ಗೆರೆ ಎಳೆಸಿದ. ಒಂದೇ ಒಂದು ಮುಖ, ಪಕ್ಕದಲ್ಲಿ ಅಂಗೈಯಗಲದ ಒಂದು ಚೂರು. ಹಾಳಾದರೆ ಇನ್ನೊಂದಿಲ್ಲ.

ಅಕ್ಕ ಎರಡು ಹಲಗೆ ಜೋಡಿಸಿ, ಕೀಸುಳಿಯಿಂದ ಕೀಸಿ, ಎರಡೂಮುಕ್ಕಾಲಿಗೆ ತಂದಳು. ಕತ್ತರಿ ಅಂಟಿಸಿದಳು. ಒಣಗಿದ ಮೇಲೆ ಅಣ್ಣ ಹಲಗೆಯನ್ನು ತೊಡೆಯ ಮೇಲಿಟ್ಟು ಬಾಗಿಸಿ ನೋಡಿದ, ಬೆರಳಿನಿಂದ ತಟ್ಟಿದ. ಬೆರಳು ತಾನಾಗಿಯೇ ತಟ್ಟುತ್ತಲೇ ಇತ್ತು. "ನೋಡು, ಈಗ ನಾನು ಬೇಡ ಅಂದ್ರೂ ತಟ್ಟುತ್ತೆ. ಕೆಲಸ ಉಳೀತು" ಎಂದು ನಕ್ಕ. ಆಮೇಲೆ ಇನ್ನೇನೋ ಹೇಳಿದ. ಅದೇ ಗಳಿಗೆಗೆ ಗೋಡೆಯಾಚೆ ಕಬ್ಬಿಣದ ಯಂತ್ರ ಕಿರುಚಿತು. ಅಕ್ಕನ ಕಿವಿಗೆ ಮುಟ್ಟಿದ್ದು ಇಷ್ಟು: "ಇನ್ನೂ ಬಿಗಿ... ಎರಡೂ ಕಾಲು... ನಿಧಾನಕ್ಕೆ."

ಅರವತ್ತೊಂದರಲ್ಲಿ ಯಾವುದರ ಮುಖವೂ ಎರಡೂಮುಕ್ಕಾಲಿಗಿಂತ ಕೆಳಗೆ ಇಳಿದಿರಲಿಲ್ಲ. ಅವಳ ಹುಬ್ಬು ಮೇಲೇರಿತು. 'ಏನು?' ಎಂಬ ಮಾತು ನಾಲಿಗೆಯ ತುದಿಗೆ ಬಂದು, ಕ್ಷೌರದ ಅಂಗಡಿ ನೆನಪಾಗಿ, ಅಲ್ಲೇ ಕರಗಿತು. ಹಳೆಯ ಮರ, ನೂರು ವರ್ಷ ಒಣಗಿದ್ದು, ಅಣ್ಣನಿಗೆ ಗೊತ್ತಿಲ್ಲದ್ದೇನಿದೆ ಎಂದುಕೊಂಡಳು. ಹಲಗೆಯನ್ನು ಮಗುಚಿ, ಉಕ್ಕಿನ ತಗಡಿನಿಂದ ಒಂದೂವರೆ ದಿನ ಕೆರೆದಳು. ಮುಳ್ಳು 2.25ಕ್ಕೆ ಬಂದಾಗಲೂ ಅಣ್ಣ, ಆ ಎರಡು ದಿನ ಸುಸ್ತಾಗಿ ಮಲಗಿದವನು, ಒಳಗೇ ಇದ್ದ. ಅವಳು ಕೂತಲ್ಲಿಂದಲೇ, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು: "ಎರಡೂ ಕಾಲು ಆಯ್ತಣ್ಣಾ!"

ಒಳಗಿನಿಂದ ಅತ್ತಿಗೆಯ ಉತ್ತರ ಬಂತು. "ಆಯ್ತಾ? ಹಾಗಾದ್ರೆ ಮುಚ್ಚಬೇಕಂತೆ."

ಅವಳು ಮುಚ್ಚಿದಳು. ಪಕ್ಕೆ, ಬೆನ್ನು ಎಲ್ಲ ಕೂಡಿಸಿ, ಸರೇಸು ಹಾಕಿ, ಬಿಗಿದು ಕಟ್ಟಿದಳು. ಆ ಪೆಟ್ಟಿಗೆಯೊಳಗೆ ಕನ್ನಡಿ ಹಿಡಿದು ನಿಂತಾಗಲೇ ಅಣ್ಣ ಕೇಳಿದ್ದು, ಅವನು ಅಂದು ಹೇಳಿದ್ದು ಮಿಲಿಯಲ್ಲ, ಕತ್ತರಿಯ ಕಾಲು ಎಂದು ಅವಳಿಗೆ ಹೊಳೆದದ್ದು, ಆದರೂ ಹೂಂ ಎಂದದ್ದು.

ಆ ದಿನ ಮಧ್ಯಾಹ್ನ ಅಣ್ಣ ಊಟಕ್ಕೆ ಎದ್ದ ಕೂಡಲೇ ಅವಳಿಗೆ ಹೊಳೆದ ಮೊದಲ ಉಪಾಯ ಸುಳ್ಳನ್ನು ನಿಜ ಮಾಡುವುದು. ಅವಳದು ಸಣ್ಣ ಕೈ, ಗಿಟಾರಿನ ಬಾಯಿಯೊಳಗೆ ಮಣಿಕಟ್ಟು ದಾಟಿ ಹೋಗುತ್ತದೆ. ಹೆಬ್ಬೆರಳಷ್ಟಿದ್ದ ಪುಟ್ಟ ಕೀಸುಳಿ ಹಿಡಿದು ಒಳಗೆ ತೂರಿಸಿ, ಎಡಗಾಲಿನ ಮೇಲೆ ಒಂದು ಸಲ ಎಳೆದಳು. ಉಗುರಿನಷ್ಟು ಹೊಟ್ಟು ಸುರುಳಿಯಾಗಿ ಉದುರಿತು. ಅದೇ ಹೊತ್ತಿಗೆ, ಹೊರಗಡೆ ಆಸರೆಗೆ ಇಟ್ಟಿದ್ದ ಎಡ ಅಂಗೈಯ ಕೆಳಗೆ ಮುಖದ ಹಲಗೆ ಉಸಿರಾಡಿದಂತೆ ಅಲುಗಿತು. ಅವಳು ಕೀಸುಳಿ ಕೈಬಿಟ್ಟಳು. ಅದು ಒಳಗೇ ಬಿದ್ದಿತು. ಅದನ್ನು ಹೊರತೆಗೆಯಲು ಗಿಟಾರನ್ನು ತಲೆಕೆಳಗು ಮಾಡಿ ಅಲ್ಲಾಡಿಸುವಾಗ, ಬಾಗಿಲಲ್ಲಿ ಅತ್ತಿಗೆ.

"ಏನೇ ಅದು, ಹುಂಡಿ ಒಡೀತಿದೀಯ?"

"ಸರೇಸಿನ ಚೂರು ಬಿದ್ದಿತ್ತು ಅತ್ತಿಗೆ."

ಎರಡನೇ ಸುಳ್ಳು.

ಅವಳು ಓದಿದ್ದು ಕಮ್ಮಿ, ಆದರೆ ಅಳೆಯದೆ ನಂಬುವವಳಲ್ಲ. ಪಿಯಾನೋದ ಉಳಿದ ಚೂರಿನಿಂದ ಎರಡು ಪಟ್ಟಿ ಕೊಯ್ದಳು. ಎರಡೂ ಮೂರು ಸೆಂಟಿಮೀಟರ್ ಅಗಲ. ಒಂದು ಎರಡೂಮುಕ್ಕಾಲು ದಪ್ಪ, ಇನ್ನೊಂದು ಎರಡೂಕಾಲು. ಮೂವತ್ತು ಸೆಂಟಿಮೀಟರ್ ಅಂತರದಲ್ಲಿ ಎರಡು ಇಟ್ಟಿಗೆ ನಿಲ್ಲಿಸಿ, ಪಟ್ಟಿಯನ್ನು ಸೇತುವೆಯಂತಿಟ್ಟು, ನಡುವಿಗೆ ಅಡುಗೆಮನೆಯ ತಕ್ಕಡಿಯ ಅರ್ಧ ಕಿಲೋ ಬಟ್ಟು ನೇತುಹಾಕಿದಳು. ದಪ್ಪನೆಯದು ಐದು ಮಿಲಿ ಜಗ್ಗಿತು. ತೆಳುವಿನದು ಒಂಬತ್ತು ಜಗ್ಗಿತು. ಮೂರು ಸಲ ಮಾಡಿದಳು, ಮೂರು ಸಲವೂ ಅಷ್ಟೇ. ಅರ್ಧ ಮಿಲಿ ತೆಗೆದದ್ದಕ್ಕೆ ಹಲಗೆಯ ಬಲ ಹತ್ತಿರಹತ್ತಿರ ಅರ್ಧ ಹೋಗಿದೆ. ಇನ್ನು ಕಾಲನ್ನೂ ಕೆತ್ತಿದರೆ ಆ ಮುಖಕ್ಕೆ ಆಸರೆಯೇ ಇಲ್ಲ. ಸುಳ್ಳನ್ನು ನಿಜ ಮಾಡುವ ದಾರಿ ಅಲ್ಲಿಗೆ ಮುಚ್ಚಿತು.

ಕೆತ್ತದೆ ಬಿಟ್ಟ ಕಾಲು ತೆಳುವಾದ ಮುಖವನ್ನು ಹೊರಬಲ್ಲದೇ? ಅದನ್ನು ಅಳೆಯುವ ಉಪಾಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಸಂಖ್ಯೆ, ಅಣ್ಣ ಯಾವಾಗಲೂ ಹೇಳುತ್ತಿದ್ದದ್ದು: ಆರು ಉಕ್ಕಿನ ತಂತಿ ಶ್ರುತಿಗೆ ಬಂದಾಗ ಒಟ್ಟು ಎಳೆತ ಎಪ್ಪತ್ತೆರಡು ಕಿಲೋ. ಅಣ್ಣನ ಈಗಿನ ತೂಕ ಐವತ್ತೆಂಟು. ಅವನಿಗಿಂತ ಹದಿನಾಲ್ಕು ಕಿಲೋ ಹೆಚ್ಚಿನ ಆಳೊಬ್ಬ ಹಗಲೂ ರಾತ್ರಿ ಆ ಹಲಗೆಯನ್ನು ಹಿಡಿದು ಎಳೆಯುತ್ತಲೇ ಇರುತ್ತಾನೆ.

ಹೇಳಿಬಿಡಬಹುದಿತ್ತು. ಹೇಳಿದರೆ ಅಣ್ಣ ಬೈಯುವವನಲ್ಲ, ಅದೇ ಅವಳ ಭಯ. ಬೈಯದೆ, ಕುರ್ಚಿ ಮೇಲೆ ಇನ್ನಷ್ಟು ಒಳಗೆ ಸರಿದು, ತನ್ನ ದನಿ ತಂಗಿಯ ಕಿವಿಯವರೆಗೂ ಮುಟ್ಟುತ್ತಿಲ್ಲ ಎಂದು ತಿಳಿದುಕೊಳ್ಳುತ್ತಾನೆ. ಕ್ಷೌರದವನೊಂದಿಗೆ ಮಾತು ನಿಂತಂತೆ ತನ್ನೊಂದಿಗೂ ನಿಲ್ಲುತ್ತದೆ. ಕೊನೆಯ ಬಾಗಿಲೂ ಮುಚ್ಚುತ್ತದೆ. ಗಿಟಾರಿನ ಮುಖ ನಿಂತರೆ ಅವನಿಗೆ ತಿಳಿಯುವುದೇ ಬೇಡ. ನಿಲ್ಲದಿದ್ದರೆ?

ಈ 'ನಿಲ್ಲದಿದ್ದರೆ'ಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಅವಳು ಕತ್ತು ಕೂಡಿಸಿದಳು, ಮೂರು ವಾರ ಪಾಲಿಶ್ ಹೊಡೆದಳು. ಪಾಲಿಶ್ ಎಂದರೆ ಅವಳಿಗೆ ಅದುವರೆಗೆ ಆರಾಮದ ಕೆಲಸ. ಸ್ಪಿರಿಟಿನಲ್ಲಿ ಕರಗಿಸಿದ ಅರಗು, ಉಣ್ಣೆಯ ಮೇಲೆ ಹತ್ತಿಬಟ್ಟೆ ಸುತ್ತಿದ ಉಂಡೆ, ತುದಿಗೆ ಒಂದು ಹನಿ ಎಣ್ಣೆ. ಎಂಟರ ಆಕಾರದಲ್ಲಿ ಸುತ್ತುತ್ತ ಹೋದರೆ ಮರದ ಎಳೆಗಳು ಒಂದೊಂದೇ ಕಣ್ಣು ಬಿಡುತ್ತವೆ. ಈ ಸಲ ಉಂಡೆ ನಡುವಿಗೆ ಬಂದಾಗಲೆಲ್ಲ ಅವಳು ಕೈ ಹಗುರ ಮಾಡುತ್ತಿದ್ದಳು. ತಗಡಿನ ಡಬ್ಬಿಯ ಮುಚ್ಚಳ ಒತ್ತಿದಂತೆ ಹಲಗೆ ಕೂದಲೆಳೆಯಷ್ಟು ತಗ್ಗಿ ಮತ್ತೆ ಏಳುತ್ತಿತ್ತು. ನಿಜಕ್ಕೂ ತಗ್ಗುತ್ತಿತ್ತೋ, ಅವಳ ಮನಸ್ಸು ತಗ್ಗುತ್ತಿತ್ತೋ, ಹೇಳುವುದು ಕಷ್ಟ. ಹೊಳಪು ಏರಿದಷ್ಟೂ ಅವಳಿಗೆ ಹೆದರಿಕೆ ಏರಿತು. ಒಡೆಯುವ ವಸ್ತುವನ್ನು ಇಷ್ಟು ಚೆಂದ ಯಾಕೆ ಮಾಡುತ್ತಿದ್ದೇನೆ ಎಂದು ಒಮ್ಮೊಮ್ಮೆ ಕೈ ತಡೆಯುತ್ತಿತ್ತು.

ಊಟದ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುವುದನ್ನು ಅತ್ತಿಗೆ ನಾಲ್ಕು ದಿನ ನೋಡಿದಳು. ಐದನೇ ದಿನ ಕೇಳಿದಳು, "ಪಾಲಿಶ್ ಕುಡಿದೇ ಹೊಟ್ಟೆ ತುಂಬಿಸ್ಕೋತಿದೀಯೇನೇ? ನಿನ್ನ ಕೈನೂ ನಡುಗ್ತಿದೆ. ಮಾತ್ರೆ ಇಬ್ಬರಿಗೂ ಹಂಚಿಬಿಡ್ಲಾ?"

ಕಿಟಕಿಯ ಕಡೆಯಿಂದ ಅಣ್ಣನ ಸಣ್ಣ ದನಿ ಬಂತು. "ಕೊಡ್ಬೇಡ. ಅವಳಿಗೂ ನಡುಗ್ಲಿ. ನಂಗೆ ಜೊತೆ ಆಗುತ್ತೆ."

ಮೂವರೂ ನಕ್ಕರು. ಅಕ್ಕನ ನಗು ಎಲ್ಲರಿಗಿಂತ ಮೊದಲು ನಿಂತಿತು.

ತಂತಿ ಕಟ್ಟುವ ದಿನವನ್ನು ಅಣ್ಣನೇ ಮಾತ್ರೆಯ ಲೆಕ್ಕದಲ್ಲಿ ಗೊತ್ತು ಮಾಡಿದ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾತ್ರೆ, ಮೂರಕ್ಕೆ ಕೆಲಸ ಶುರು. ಐದಕ್ಕೆ ಟೀಚರು ಬರುತ್ತಾಳೆ.

ಮೂರಕ್ಕೆ ಐದು ನಿಮಿಷವಿದ್ದಾಗ ಅಕ್ಕ ಪಕ್ಕದ ಅಂಗಡಿಯಿಂದ ಬೆಂಕಿಕಿಡಿ ತಡೆಯುವ ಕನ್ನಡಕ ಕೇಳಿ ತಂದಳು. ಅಣ್ಣ ಅವಳನ್ನೇ ನೋಡಿದ.

"ಇದೇನೇ ವೇಷ? ಗಿಟಾರೋ ಸಿಡಿಮದ್ದೋ?"

"ಕಣ್ಣಿಗೆ ಧೂಳು ಬೀಳ್ತಿದೆ ಅಣ್ಣ."

ಮೂರನೇ ಸುಳ್ಳು. ಎಣಿಸುವುದನ್ನು ಅವಳು ಬಿಟ್ಟಿರಲಿಲ್ಲ.

ಆರು ತಂತಿ ಹಾಕಿ, ಸಡಿಲವಾಗಿಯೇ ಬಿರಡೆಗೆ ಸುತ್ತಿದಳು. ಆಮೇಲೆ ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಂದಳು. ದಪ್ಪ ತಂತಿಗೆ ಅರ್ಧ ಸುತ್ತು, ತೆಳು ತಂತಿಗೆ ಅರ್ಧ ಸುತ್ತು, ಮತ್ತೆ ನಡುವಿನವು. ತಂತಿಗಳ ಗೊಗ್ಗರು ದನಿ ನಿಧಾನವಾಗಿ ಸ್ವರದ ಹತ್ತಿರ ಬರತೊಡಗಿತು. ಅರ್ಧ ದಾರಿಗೆ ಬಂದಿರಬೇಕು. ಆಗ ಅಣ್ಣ ಕುರ್ಚಿಯನ್ನು ಮುಂದಕ್ಕೆಳೆದು, ಮೈ ಬಾಗಿಸಿ, ಗಿಟಾರಿನ ಮುಖದ ಮೇಲೆ ತನ್ನ ಕೆನ್ನೆ ಇಟ್ಟ. ತಂತಿಗಳೆಲ್ಲ ಬಂದು ಕೂರುವ ಮರದ ಪಟ್ಟಿ ಅವನ ಕಣ್ಣಿನಿಂದ ಒಂದು ಗೇಣು ದೂರ.

ಅರವತ್ತೊಂದು ಗಿಟಾರಿಗೂ ಅವನು ಮಾಡಿದ್ದು ಇದೇ. ಮರದೊಳಗೆ ಮೊದಲ ದನಿ ಹುಟ್ಟುವುದನ್ನು ಕೆನ್ನೆಯ ಎಲುಬಿನಿಂದಲೇ ಕೇಳಬೇಕು ಎನ್ನುತ್ತಿದ್ದ. ಅಕ್ಕ ಇದನ್ನು ಮರೆತೇಬಿಟ್ಟಿದ್ದಳು. ತನ್ನ ಕಣ್ಣಿಗೆ ಕನ್ನಡಕ ತಂದಿದ್ದಳು.

"ಏರಿಸು" ಎಂದ ಅಣ್ಣ, ಕಣ್ಣು ಮುಚ್ಚಿ.

ಅವಳ ಬೆರಳು ಬಿರಡೆಯ ಮೇಲೆ ಕಲ್ಲಾಯಿತು. ಹಲಗೆ ಸೀಳಿದರೆ, ಆ ಪಟ್ಟಿ ಕಿತ್ತು ಎಗರಿದರೆ, ಎಪ್ಪತ್ತೆರಡು ಕಿಲೋ ಎಳೆತ ನೇರ ಅವನ ಕಣ್ಣಿಗೆ.

"ಮುಖ ತೆಗಿ ಅಣ್ಣ."

"ಯಾಕೆ?"

"ಮುಖ ತೆಗಿ ಅಂದ್ರೆ ತೆಗಿ!" ಅವಳು ಕಿರುಚಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಕಾಲು ಕೆತ್ತಿಲ್ಲ ಅಣ್ಣ. ನಾನು ಸುಳ್ಳು ಹೇಳ್ದೆ. ನೀನು ಎರಡೂ ಕಾಲು ಅಂದೆ, ನಾನು ಮುಖಾನೇ ಎರಡೂಕಾಲಿಗೆ ಇಳಿಸ್ಬಿಟ್ಟೆ. ಮಿಲಿ ಅಂದ್ಕೊಂಡೆ. ಅರ್ಧ ಬಲ ಇಲ್ಲ ಇದಕ್ಕೆ, ನಾನು ತೂಗಿ ನೋಡಿದೀನಿ. ಟೀಚರಮ್ಮನ ತಾಯಿ ಮರ..."

ಅಣ್ಣ ಕೆನ್ನೆ ಎತ್ತಿದ. ಅವನ ಮುಖದಲ್ಲಿ ಏನೂ ಓದಲಾಗಲಿಲ್ಲ. ಈ ಕಾಯಿಲೆ ಮುಖದ ಮೇಲಿನ ಬರಹವನ್ನೂ ಅಳಿಸುತ್ತದೆ. ಅವಳು ಕಾದಳು. ಈಗ ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಈಗ ಬಾಗಿಲು ಮುಚ್ಚುತ್ತದೆ.

ಅವನು ಬಲಗೈಯನ್ನು ಇನ್ನೂ ಅರ್ಧ ಸಡಿಲವಿದ್ದ ತಂತಿಗಳ ನಡುವೆ ತೂರಿಸಿ ಗಿಟಾರಿನ ಬಾಯೊಳಗೆ ಇಳಿಸಿದ. ಬೆರಳುಗಳು ಒಳಗೆ ಹುಡುಕುವುದು ಹೊರಗೆ ಕೇಳಿಸುತ್ತಿತ್ತು, ಇಲಿ ಓಡಾಡಿದಂತೆ. ಒಂದು ಕಾಲು ಮುಟ್ಟಿದ. ಇನ್ನೊಂದು ಮುಟ್ಟಿದ. ಎಡಗಾಲಿನ ಮೇಲೆ, ಅವಳು ಒಂದೇ ಸಲ ಕೀಸಿದ ಜಾಗದಲ್ಲಿ, ಬೆರಳು ಸ್ವಲ್ಪ ಹೊತ್ತು ನಿಂತಿತು.

"ಇಲ್ಲಿ ಹೆದರ್ಕೊಂಡು ಬಿಟ್ಟಿದೀಯ" ಎಂದ.

"ಹೂಂ."

"ಒಳ್ಳೇದಾಯ್ತು." ಕೈ ಹೊರತೆಗೆದ. "ನೀನು ಆವತ್ತು ಕೂಗಿದ್ಯಲ್ಲ, ಎರಡೂ ಕಾಲು ಆಯ್ತು ಅಂತ. ನಂಗೆ ಕೇಳಿಸ್ತು."

"ಕೇಳಿಸ್ತು ಅಂತಾನೇ ಮುಚ್ಚಿದೆ ಅಣ್ಣ."

"ನಾನು ಕತ್ತರಿ ಕಾಲು ಅಂದ್ಕೊಂಡೆ." ಅವನ ಭುಜ ಅಲುಗತೊಡಗಿತು. ಅದು ನಡುಕವಲ್ಲ, ನಗು ಎಂದು ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. "ನಿನ್ನ ಗಂಟಲು ಬೀದಿಗೆಲ್ಲ ಕೇಳುತ್ತೆ. ಆದ್ರೂ ನಂಗೆ ತಪ್ಪಾಗೇ ಕೇಳಿಸ್ತು. ಹಾಗಾದ್ರೆ ನೋಡೇ ಪುಟ್ಟಿ, ತಪ್ಪು ನನ್ನ ಗಂಟಲದ್ದಲ್ಲ. ಕಾಲಿಂದು!"

ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತಿಗೆ ಹೇಳಿದಳು, "ಮುಕ್ಕಾಲು ಮೇಸ್ತ್ರಿಗೆ ಉಳಿದ ಕಾಲು ಕೊನೆಗೂ ಸಿಕ್ತು."

ಅಕ್ಕ ಮತ್ತೆ ಬಿರಡೆ ಹಿಡಿದಳು. ಗಿಟಾರು ಇನ್ನೂ ಅರ್ಧ ದಾರಿಯಲ್ಲಿತ್ತು. "ಈಗ ಏನ್ ಮಾಡೋದು?"

"ಏರಿಸು. ಮುಖ ಹೋಗಿದೆ, ಕಾಲು ಗಟ್ಟಿ ಇದೆ. ಯಾವುದು ಗೆಲ್ಲುತ್ತೋ ನೋಡೋಣ." ಈ ಸಲ ಅವನು ಕುರ್ಚಿಯನ್ನು ಎರಡಡಿ ಹಿಂದಕ್ಕೆ ಹಾಕಿಕೊಂಡ. ತಂಗಿಯ ಕನ್ನಡಕ ಕಸಿದು ತಾನೇ ಹಾಕಿಕೊಂಡ.

ಮೂರು ಗಂಟೆ ಐವತ್ತು ನಿಮಿಷಕ್ಕೆ ಐದು ತಂತಿಗಳು ಸ್ವರಕ್ಕೆ ಬಂದವು. ಆರನೆಯದನ್ನು ಏರಿಸುವಾಗ ಗಿಟಾರಿನೊಳಗಿಂದ 'ಟಕ್' ಎಂದು ಸದ್ದು ಬಂತು. ಒಣ ಕಡ್ಡಿ ಮುರಿದ ಸದ್ದು. ಅಕ್ಕ ಕಣ್ಣು ಮುಚ್ಚಿ, ಮುಂದಿನ ಸದ್ದಿಗೆ ಕಾದಳು. ಮುಂದಿನ ಸದ್ದು ಬರಲಿಲ್ಲ. ಟಾರ್ಚು, ಕನ್ನಡಿ ಹಿಡಿದು ಒಳಗೆಲ್ಲ ನೋಡಿದರೆ ಎಲ್ಲೂ ಬಿರುಕಿಲ್ಲ. ತಂತಿಯ ತುದಿಯ ಹಿತ್ತಾಳೆ ಗುಂಡು ತನ್ನ ಗುಳಿಗೆ ಜಾರಿ ಕೂತಿತ್ತು.

"ಕುಂಡಿ ಊರಿ ಕೂತ್ಕೊಂಡಿತು, ಅಷ್ಟೇ" ಎಂದ ಅಣ್ಣ. ಅವನ ಹಣೆಯಲ್ಲಿ ಬೆವರಿತ್ತು.

ತಂತಿಯ ಎಳೆತಕ್ಕೆ ಮುಖ ಎಷ್ಟು ಉಬ್ಬಿದೆ ಎಂಬುದೇ ಪರೀಕ್ಷೆ. ಉಕ್ಕಿನ ಪಟ್ಟಿ ಅಡ್ಡವಿಟ್ಟು ಅಳೆಯಬೇಕು. ಎರಡು ಮಿಲಿ ದಾಟಿದರೆ ಕೂಡಲೇ ತಂತಿ ಇಳಿಸಬೇಕೆಂದು ಅಣ್ಣ ಹೇಳಿದ. ನಾಲ್ಕೂ ಹತ್ತಕ್ಕೆ ಒಂದೂವರೆ ಇತ್ತು. ನಾಲ್ಕೂ ನಲವತ್ತಕ್ಕೆ ಒಂದೂಮುಕ್ಕಾಲು. ಅರ್ಧ ಗಂಟೆಗೆ ಕಾಲು ಮಿಲಿ ಎಂದರೆ, ಬರುವ ಅರ್ಧ ಗಂಟೆಗೆ ಎರಡು, ಅದರ ಮುಂದಿನದಕ್ಕೆ ಎರಡೂಕಾಲು ಎಂದು ಅಕ್ಕನ ತಲೆ ತಾನಾಗಿಯೇ ಎಣಿಸುತ್ತ ಹೋಯಿತು. ಐದು ಗಂಟೆಗೆ ಟೀಚರು ಬಾಗಿಲು ತಟ್ಟಿದಾಗ ಅವಳು ಮಂಡಿಯೂರಿ ಮತ್ತೆ ಅಳೆಯುತ್ತಿದ್ದಳು. ಒಂದೂಮುಕ್ಕಾಲು. ಐದೂವರೆಗೂ ಒಂದೂಮುಕ್ಕಾಲು.

"ಮರ ಅವರದು. ಅವರಿಗೆ ಹೇಳು" ಎಂದ ಅಣ್ಣ. ಅವಳು ಒಂದನ್ನೂ ಬಿಡದೆ ಹೇಳಿದಳು, ಮೂರು ಸುಳ್ಳೂ ಸೇರಿಸಿ. ಟೀಚರು ಕೇಳಿ ಮುಗಿಸಿ, ಗಿಟಾರನ್ನು ತೊಡೆಗಿಟ್ಟು ಒಂದು ತಂತಿ ಮೀಟಿದಳು. ಎಲ್ಲರೂ ಬೆಚ್ಚಿದರು. ಅಷ್ಟು ದೊಡ್ಡ ದನಿಯನ್ನು ಆ ಕೋಣೆ ಅದುವರೆಗೆ ಕೇಳಿರಲಿಲ್ಲ.

"ಇದು ನನ್ನ ಗಿಟಾರಿನ ದನಿ ಅಲ್ಲ" ಎಂದ ಮೇಸ್ತ್ರಿ. ಟೀಚರಿಗೆ ಕೇಳಿಸಲಿಲ್ಲ. ಅವಳು ಮುಂದೆ ಬಾಗಿ "ಏನಂದ್ರಿ?" ಎಂದಳು. ಅಕ್ಕ ಅಣ್ಣನ ಕಡೆ ತಿರುಗಿದಳು. ಆದರೆ ಮೇಸ್ತ್ರಿ ಬಾಯಿ ಮುಚ್ಚಿಕೊಳ್ಳಲಿಲ್ಲ. ಉಸಿರು ತುಂಬಿಕೊಂಡು ಎರಡನೇ ಸಲ ಹೇಳಿದ, "ನನ್ನದಲ್ಲ ಅಂದೆ. ನನ್ನ ತಂಗಿ ಗಂಟಲು ಇದು."

ಟೀಚರು ಒಪ್ಪಂದದ ಮೇಲೆ ಗಿಟಾರು ಒಯ್ದಳು. ಒಂದು ಸ್ವರ ಇಳಿಸಿಯೇ ನುಡಿಸಬೇಕು, ಬಿಸಿಲಿಗೆ ಇಡಬಾರದು, ಒಂದು ಸೆಕೆಗಾಲ, ಒಂದು ಥಂಡಿಗಾಲ ದಾಟಿದ ಮೇಲೆ ತಂದು ತೋರಿಸಬೇಕು. ಮೇಸ್ತ್ರಿ ಪ್ರತಿ ಗಿಟಾರಿನೊಳಗೂ ಒಂದು ಚೀಟಿ ಅಂಟಿಸುತ್ತಿದ್ದ: ಎಷ್ಟನೆಯದು, ಯಾವ ಮರ, ಮುಖದ ದಪ್ಪ. ಇದರಲ್ಲಿ ದಪ್ಪದ ಜಾಗ ಖಾಲಿ ಬಿಡಿಸಿದ. "ನಿಂತ ಮೇಲೆ ಬರೆದ್ರಾಯ್ತು."

ಮುಂದಿನ ಏಳು ತಿಂಗಳು ಅಕ್ಕನಿಗೆ ಫೋನ್ ಸದ್ದೆಂದರೆ ಆಗುತ್ತಿರಲಿಲ್ಲ. ರಿಂಗಾದ ಕೂಡಲೇ ಒಳಗೆ 'ಟಕ್' ಎನ್ನುತ್ತಿತ್ತು. ಸೆಕೆ ಏರಿದ ದಿನ ಹಲಗೆ ಒಣಗಿ ಬಿರಿಯಿತೇನೋ ಎನಿಸುತ್ತಿತ್ತು, ತೇವದ ದಿನ ಉಬ್ಬಿತೇನೋ ಎನಿಸುತ್ತಿತ್ತು. ಇನ್ನೊಂದು ಹೆದರಿಕೆಯನ್ನು ಅಳೆಯಲು ಅವಳ ಹತ್ತಿರ ಪಟ್ಟಿ ಇರಲಿಲ್ಲ. ಅಣ್ಣನ ದನಿ ಇಳಿಯುತ್ತಲೇ ಹೋಯಿತು. ಅವಳು ಈಗ ನಾಚದೆ "ಏನು?" ಎನ್ನುತ್ತಿದ್ದಳು, ಅವನೂ ನಾಚದೆ ಮೂರು ಸಲ ಹೇಳುತ್ತಿದ್ದ. ಹೇಳಿದ್ದನ್ನು ಅವಳು ತಿರುಗಿ ಒಪ್ಪಿಸಬೇಕು, ಮಿಲಿಯೋ ಕತ್ತರಿಯೋ ಎಂದು ಬಿಡಿಸಿ ಹೇಳಬೇಕು. ಅದು ಹೊಸ ನಿಯಮ. ಆರನೇ ತಿಂಗಳಿಗೆ ಅವನ ಮಾತು ಪಿಸುದನಿಗೆ ಬಂದು ನಿಂತಿತು. ಏಳನೆಯದಕ್ಕೆ ಬರೀ ತುಟಿಯ ಅಲುಗಾಟ.

ಟೀಚರು ಗಿಟಾರು ತಂದದ್ದು ಒಂದು ಶನಿವಾರ ಬೆಳಿಗ್ಗೆ. ಪೆಟ್ಟಿಗೆ ತೆರೆಯುವಾಗ ಅಕ್ಕ ಬೇರೆ ಕಡೆ ನೋಡುತ್ತಿದ್ದಳು. ಆಮೇಲೆ ಉಕ್ಕಿನ ಪಟ್ಟಿ ಇಟ್ಟಳು, ತಗ್ಗಿ ನೋಡಿದಳು, ಪಟ್ಟಿ ತೆಗೆದು ಒರೆಸಿ ಮತ್ತೆ ಇಟ್ಟಳು. ಒಂದೂಮುಕ್ಕಾಲು. ಕೂದಲೆಳೆಯಷ್ಟೂ ಏರಿರಲಿಲ್ಲ.

ಅವಳು ಪೆನ್ಸಿಲು ಹಿಡಿದು ಅಣ್ಣನ ಕಡೆ ತಿರುಗಿದಳು. "ಚೀಟಿ ತುಂಬ್ಲಾ ಅಣ್ಣ? ದಪ್ಪ ಎಷ್ಟು ಅಂತ ಬರೀಲಿ?"

ಅವಳಿಗೆ ಗೊತ್ತಿತ್ತು. ಆದರೂ ಹೇಳುವವನು ಅವನು, ಬರೆಯುವವಳು ಅವಳು. ಅಣ್ಣನ ತುಟಿ ಅಲುಗಿತು, ದನಿ ಬರಲಿಲ್ಲ. ಅವಳು "ಏನು?" ಎಂದಳು. ಅವನು ನಡುಗುವ ಎರಡು ಕೈಗಳನ್ನೂ ಎತ್ತಿ, ತನ್ನ ಎರಡು ತೊಡೆಗಳ ಮೇಲೂ ಒಟ್ಟಿಗೆ ತಟ್ಟಿದ. ಕೈಗಳು ಅಲ್ಲೇ ತಟ್ಟುತ್ತ ಉಳಿದವು.

ಅಕ್ಕ ತಂತಿ ಸಡಿಲಿಸಿ, ಗಿಟಾರಿನ ಬಾಯೊಳಗೆ ಕೈ ಇಳಿಸಿ, ತಾನು ಒಮ್ಮೆ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದ್ದ ಅಳತೆಯನ್ನು ಖಾಲಿ ಜಾಗದಲ್ಲಿ ಬರೆದಳು: ಎರಡೂ ಕಾಲು.